ಕೊಡಗಿನ ಬರೆಗಳಿಗೆ ನಿಸಾರ್ ಏನು ಮಾಡಬಲ್ಲದು?

ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರ ಆಸುಪಾಸಿನಲ್ಲಿ ಹೊರಬರುವ ಸಂಚಿಕೆಯಲ್ಲಿ ಎಂಜಿನಿಯರುಗಳ ಕೆಲಸವನ್ನು ನೆನೆಯುವುದು ನಮ್ಮ ಸಂಘದ ವಾಡಿಕೆ. ಈ ಬಾರಿ ನಿಸಾರ್ ಎಂಬ ಉಪಗ್ರಹದ ಬಗ್ಗೆ, ಅದರಿಂದ ಕೊಡಗಿನ ಬರೆಗಳಿಗೆ, ಅಂದರೆ ಗುಡ್ಡದ ಕಡಿದಾದ ಇಳಿಜಾರುಗಳಿಗೆ, ಆಗಬಹುದಾದ ಉಪಕಾರದ ಬಗ್ಗೆ, ಮತ್ತು ಆ ಉಪಕಾರ ಪೂರ್ಣವಾಗಿ ದಕ್ಕಬೇಕಾದರೆ ಹೊರದೇಶದಲ್ಲಿರುವ ನಾವು ಮಾಡಬೇಕಾದ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಸದಸ್ಯರಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯವರು ಸಾಕಷ್ಟಿದ್ದಾರೆ. ಆಗಸ್ಟ್ ತಿಂಗಳು ಬಂತೆಂದರೆ ಊರಿನ ಫೋನು ಎತ್ತುವವರೆಗೂ ಅವರಿಗೆ ಸಮಾಧಾನವಿರುವುದಿಲ್ಲ. 2018ರಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷವೂ ಗುಡ್ಡ ಜರಿದದ್ದು ಆಗಸ್ಟ್‌ನಲ್ಲಿಯೇ.

ರಾಡಾರಿನಿಂದ ಭೂಮಿಯ ನೆಲವನ್ನು ನೋಡುವ ನಿಸಾರ್ ಉಪಗ್ರಹಕ್ಕಾಗಿ ನಾಸಾ ಮತ್ತು ಇಸ್ರೋ ಒಪ್ಪಂದಕ್ಕೆ ಸಹಿ ಹಾಕಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಮುಂದಿನ ಹನ್ನೊಂದು ವರ್ಷಗಳ ಕಥೆಯನ್ನು ಎಂಜಿನಿಯರುಗಳಲ್ಲದವರೂ ಓದಬೇಕು. ಬೇರೆ ಬೇರೆ ಉದ್ದದ ಅಲೆಗಳನ್ನು ಬಳಸುವ ಎರಡು ರಾಡಾರುಗಳು ಅದರಲ್ಲಿವೆ. ಗಿಡ್ಡ ಅಲೆಯ ಎಸ್ ಬ್ಯಾಂಡ್ ರಾಡಾರನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದವರು ಕಟ್ಟಿದರು. ಉದ್ದ ಅಲೆಯ ಎಲ್ ಬ್ಯಾಂಡ್ ರಾಡಾರನ್ನು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ಕಟ್ಟಿದರು. ಅಹಮದಾಬಾದಿನ ರಾಡಾರು 2021ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿನ ರಾಡಾರಿನೊಂದಿಗೆ ಕೂಡಿಕೊಂಡಿತು, ಜೋಡಿ ಬೆಂಗಳೂರಿಗೆ ಬಂದು ಇಸ್ರೋದ ಉಪಗ್ರಹದ ಮೇಲೆ ಕೂತಿತು. 12 ಮೀಟರ್ ಅಗಲದ ಆಂಟೆನಾ ಪ್ರತಿಫಲಕಕ್ಕೆ ವಿಶೇಷ ಲೇಪನ ಬೇಕೆಂದಾದಾಗ ಅದೊಂದೇ ಮತ್ತೆ ಅಮೆರಿಕಕ್ಕೆ ಹೋಗಿ 2024ರ ಕೊನೆಯ ಭಾಗದಲ್ಲಿ ಹಿಂದಿರುಗಿತು. ಬೇರೆ ಬೇರೆ ಖಂಡಗಳಲ್ಲಿ ತಯಾರಾದ ಎರಡು ರಾಡಾರುಗಳು ಒಂದೇ ಪ್ರತಿಫಲಕವನ್ನು ಹಂಚಿಕೊಂಡು ಕೆಲಸ ಮಾಡುವಂತೆ ಹೊಂದಿಸುವುದಕ್ಕೆ ಎರಡೂ ಕಡೆಯ ತಂಡಗಳು ತಿಂಗಳುಗಟ್ಟಲೆ ಒಂದೇ ಸೂರಿನಡಿ ಕೂತು ದುಡಿಯಬೇಕಾಯಿತು. 2025ರ ಜುಲೈ 30ರಂದು ಜಿಎಸ್‌ಎಲ್‌ವಿ ಎಫ್-16 ರಾಕೆಟ್ ಶ್ರೀಹರಿಕೋಟದಿಂದ ಅದನ್ನು ಕಕ್ಷೆಗೆ ಒಯ್ದಿತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2024ರ ಜುಲೈ 30ರ ನಸುಕಿನಲ್ಲಿ, ಕೊಡಗಿಗೆ ತಾಗಿಕೊಂಡಿರುವ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿದ್ದವು.

ಕೊಡಗಿನ ಮಟ್ಟಿಗೆ ನಿಸಾರ್‌ನ ಮಹತ್ವವಿರುವುದು ಅದರ ತರಂಗದ ಉದ್ದದಲ್ಲಿ. ನೆಲದ ಚಲನೆಯನ್ನು ಆಕಾಶದಿಂದ ಅಳೆಯುವ ವಿದ್ಯೆ ಹೊಸದಲ್ಲ. ಒಂದೇ ಜಾಗವನ್ನು ಎರಡು ಬಾರಿ ರಾಡಾರಿನಿಂದ ನೋಡಿ, ಮರಳಿ ಬಂದ ಅಲೆಗಳ ಹಂತದಲ್ಲಿನ, ಅಂದರೆ ಏರಿಳಿತದ ಸ್ಥಾನದಲ್ಲಿನ, ವ್ಯತ್ಯಾಸದಿಂದ ನೆಲ ಸೆಂಟಿಮೀಟರುಗಳ ಮಟ್ಟದಲ್ಲಿ ಸರಿದಿದ್ದರೂ ಗುರುತಿಸುವುದು ಅದರ ಕ್ರಮ. ಯುರೋಪಿನ ಸೆಂಟಿನೆಲ್-1 ಉಪಗ್ರಹ 2014ರಿಂದ ಇದನ್ನು ಮಾಡುತ್ತಾ ಬಂದಿದೆ, ದತ್ತಾಂಶವನ್ನು ಉಚಿತವಾಗಿಯೂ ಕೊಡುತ್ತದೆ. ಆದರೆ ಅದರ ಅಲೆಯ ಉದ್ದ ಐದೂವರೆ ಸೆಂಟಿಮೀಟರಿನಷ್ಟು ಮಾತ್ರ. ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಒತ್ತಾಗಿ ಬೆಳೆದ ಕಾಫಿ ಗಿಡ ಇರುವ ತೋಟದಲ್ಲಿ ಅದು ಎಲೆಗಳಿಗೇ ತಾಗಿ ಚದುರಿಬಿಡುತ್ತದೆ. ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಎಲೆಗಳು ಗಾಳಿಗೆ, ಮಳೆಗೆ ಬದಲಾಗಿರುವುದರಿಂದ ಎರಡು ಚಿತ್ರಗಳನ್ನು ಹೋಲಿಸುವುದೇ ಕಷ್ಟವಾಗುತ್ತದೆ. ನಿಸಾರ್‌ನ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್ ಉದ್ದದ್ದು. ಎಲೆಗಳ ನಡುವೆ ನುಗ್ಗಿ ಕಾಂಡ ಮತ್ತು ನೆಲದವರೆಗೆ ತಲುಪುವ ಶಕ್ತಿ ಅದಕ್ಕೆ ಹೆಚ್ಚು. ರಾತ್ರಿಯಾಗಲಿ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮೋಡವಾಗಲಿ ಅದಕ್ಕೆ ಅಡ್ಡಿಯಲ್ಲ. 12 ದಿನಗಳಲ್ಲಿ ಎರಡು ಬಾರಿ ಭೂಮಿಯ ಬಹುತೇಕ ನೆಲವನ್ನು ಅದು ನೋಡಿ ಮುಗಿಸುತ್ತದೆ.

ಇಷ್ಟನ್ನು ಓದಿ, ಇನ್ನು ಮುಂದೆ ಉಪಗ್ರಹವೇ ಎಚ್ಚರಿಕೆಯ ಗಂಟೆ ಬಾರಿಸುತ್ತದೆ ಎಂದು ಯಾರೂ ನಂಬಬಾರದು. ನಿಧಾನವಾಗಿ ತೆವಳುತ್ತಿರುವ ಬರೆ ಯಾವುದು ಎಂಬುದನ್ನು ನಿಸಾರ್ ತೋರಿಸಬಲ್ಲದು. ವಾರಗಟ್ಟಲೆ ನೀರು ಕುಡಿದ ಮಣ್ಣು ಕೆಲವೇ ನಿಮಿಷಗಳಲ್ಲಿ ಕೆಸರಾಗಿ ಹರಿದುಬರುವ ಹೊತ್ತನ್ನು, ಕೆಲವು ದಿನಗಳಿಗೊಮ್ಮೆ ಹಾದುಹೋಗುವ ಯಾವ ಉಪಗ್ರಹವೂ ಹೇಳಲಾರದು. ಅದನ್ನು ಹೇಳಬೇಕಾದದ್ದು ಮಳೆಯ ಲೆಕ್ಕ. ಎಷ್ಟು ಹೊತ್ತು ಎಷ್ಟು ರಭಸದಲ್ಲಿ ಮಳೆ ಸುರಿದರೆ ಇಳಿಜಾರು ಕುಸಿಯುತ್ತದೆ ಎಂಬ ಮಿತಿಯನ್ನು ಜಗತ್ತಿನ ಹಲವೆಡೆಯ ಘಟನೆಗಳಿಂದ ನೆಲ್ ಕೇನ್ ಎಂಬ ವಿಜ್ಞಾನಿ 1980ರಲ್ಲಿ ಮೊದಲಿಗೆ ರೇಖೆಯಾಗಿ ತೋರಿಸಿದರು. ಜಪಾನಿನವರು ಮಣ್ಣಿನ ಪದರಗಳನ್ನು ಒಂದರ ಕೆಳಗೊಂದು ಇಟ್ಟ ಮೂರು ತೊಟ್ಟಿಗಳಂತೆ ಭಾವಿಸಿ, ಮಣ್ಣಿನಲ್ಲಿ ಉಳಿದ ನೀರನ್ನು ಲೆಕ್ಕ ಹಾಕಿ ಎಚ್ಚರಿಕೆ ಕೊಡುತ್ತಾರೆ. ಆದರೆ ಇಂಥ ಮಿತಿ ಒಂದೊಂದು ಸೀಮೆಗೂ ಬೇರೆ. ಕೊಡಗಿನ ಮಿತಿಯನ್ನು ಕೊಡಗಿನ ಮಳೆಯಿಂದ, ಕೊಡಗಿನ ಕುಸಿತಗಳಿಂದಲೇ ಕಂಡುಕೊಳ್ಳಬೇಕು. ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ ನಡೆಸುವ ಜಿಪಿಎಂ ಉಪಗ್ರಹ ಜಾಲದ ಮಳೆ ಅಂದಾಜು ಅರ್ಧ ಗಂಟೆಗೊಮ್ಮೆ ಸಿಗುತ್ತದೆ, ನಿಜ. ಆದರೆ ಅದರ ಒಂದೊಂದು ಚೌಕ ಸುಮಾರು 10 ಕಿಲೋಮೀಟರ್ ಅಗಲದ್ದು, ಘಟ್ಟದ ಮಳೆಯನ್ನು ಅದು ಕಡಿಮೆ ಅಂದಾಜು ಮಾಡುವುದೂ ಉಂಟು. ಭಾಗಮಂಡಲದಲ್ಲಿ ಹೊರಗೆ ಕಾಲಿಡಲಾಗದಂತೆ ಸುರಿಯುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗಿಸುವ ಜಿಲ್ಲೆ ನಮ್ಮದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನಿಟ್ಟು ದೊಡ್ಡ ಉಪಕಾರ ಮಾಡಿದೆ. ಆದರೆ ಅವುಗಳ ದಾಖಲೆ ಈಚಿನದು. ಹಿಂದಿನ ದಶಕಗಳ ಲೆಕ್ಕಕ್ಕೆ ತೋಟಗಳಿಗೇ ಹೋಗಬೇಕು.

ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಇಂಚು ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ಅಳೆಯುವ ಅಭ್ಯಾಸ ತಲೆಮಾರುಗಳಿಂದ ಬಂದಿದೆ. ಮಾದಾಪುರದ ಬಳಿ ತೋಟವಿರುವ ಹಿರಿಯ ಸ್ನೇಹಿತರೊಬ್ಬರು ತಮ್ಮ ಮನೆಯ ಮಳೆ ಪುಸ್ತಕವನ್ನು ನನಗೆ ತೋರಿಸಿದ್ದರು. ಉದ್ದನೆಯ ಲೆಕ್ಕದ ಪುಸ್ತಕ. ಅಡ್ಡಕ್ಕೆ ತಿಂಗಳು, ಕೆಳಮುಖವಾಗಿ ತಾರೀಖು. ಮೊದಲ ಪುಟಗಳಲ್ಲಿ ಅವರ ತಂದೆಯ ಶಾಯಿ ಪೆನ್ನಿನ ಬರಹ, ಆಮೇಲೆ ಇವರದು, ಈಗ ಸೊಸೆಯದು. ಹೂಮಳೆಯ ದಿನಗಳಿಗೆ ಕೆಂಪು ಗೆರೆ ಎಳೆದಿದ್ದಾರೆ. 2018ರ ಆಗಸ್ಟ್ ಕಾಲಮಿನ ಪಕ್ಕದ ಖಾಲಿ ಜಾಗದಲ್ಲಿ, ತೋಟದ ರಸ್ತೆಯ ಯಾವ ತಿರುವಿನಲ್ಲಿ ಬರೆ ಕುಸಿಯಿತು, ಯಾವ ದಿನ ಬೆಳಿಗ್ಗೆಯೋ ಸಂಜೆಯೋ, ಕಾರ್ಮಿಕರ ಲೈನ್ ಮನೆಗಳನ್ನು ಯಾವತ್ತು ಖಾಲಿ ಮಾಡಿಸಿದರು ಎಂಬುದೆಲ್ಲ ಸಣ್ಣ ಅಕ್ಷರದಲ್ಲಿದೆ. ಮಳೆಯ ಮೊತ್ತ ಮತ್ತು ಕುಸಿತದ ಹೊತ್ತು ಎರಡೂ ಒಂದೇ ಪುಟದಲ್ಲಿ ಸಿಗುವ ದಾಖಲೆಗಾಗಿ ಭೂಕುಸಿತದ ಸಂಶೋಧಕರು ಪರದಾಡುತ್ತಾರೆ. ನಮ್ಮಲ್ಲಿ ಅವು ಅಟ್ಟದ ಮೇಲೆ ಗೆದ್ದಲಿಗೆ ಸಿಕ್ಕುತ್ತಿವೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಂಗ್‌ಕಾಂಗ್ ಈ ವಿಷಯದಲ್ಲಿ ನಮಗೆ ಅತ್ಯುತ್ತಮ ಪಾಠ ಎಂಬುದು ನನ್ನ ಅಭಿಪ್ರಾಯ. 1972ರಲ್ಲಿ, ಮತ್ತೆ 1976ರಲ್ಲಿ ಗುಡ್ಡ ಕುಸಿದು ಅನೇಕರು ಸತ್ತ ಬಳಿಕ, 1977ರಲ್ಲಿ ಅಲ್ಲಿನ ಸರ್ಕಾರ ಇಳಿಜಾರುಗಳಿಗೆಂದೇ ಒಂದು ಎಂಜಿನಿಯರಿಂಗ್ ಕಚೇರಿಯನ್ನು ತೆರೆಯಿತು. ಮನುಷ್ಯರು ಕಡಿದು ಅಥವಾ ತುಂಬಿಸಿ ಮಾಡಿದ ಸುಮಾರು 60,000 ಇಳಿಜಾರುಗಳಿಗೆ ಇಂದು ಅಲ್ಲಿ ಒಂದೊಂದಕ್ಕೂ ನೋಂದಣಿ ಸಂಖ್ಯೆಯಿದೆ. ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದೂ ದಾಖಲಾಗಿದೆ. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಎಂದು ಜೆಸಿಬಿಯಿಂದ ನೆಟ್ಟಗೆ ಕಡಿದ ಬರೆಗಳು ಕೊಡಗಿನಲ್ಲಿ ಎಷ್ಟಿವೆ, ಯಾರ ಹೊಣೆಯಲ್ಲಿವೆ ಎಂಬ ಅಂಥದೊಂದು ಪಟ್ಟಿ ನಮಗೂ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೊಂದಿಗೆ ಸೇರಿ ಡಾರ್ಜಿಲಿಂಗ್ ಮತ್ತು ನೀಲಗಿರಿಗಳಲ್ಲಿ ಮುನ್ಸೂಚನೆಯ ಪ್ರಯೋಗ ನಡೆಸಿತು. ಅದರ ಅನುಭವದ ಬಲದಿಂದ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವೂ ಆರಂಭವಾಯಿತು. ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಲಯದವರು ಮಣ್ಣಿನೊಳಗೆ ಸಂವೇದಕಗಳನ್ನು ಹೂತು ನೀರಿನ ಒತ್ತಡವನ್ನು ಅಳೆಯುತ್ತಿದ್ದಾರೆ. ವಿದ್ಯೆಗೆ ಕೊರತೆಯಿಲ್ಲ. ಆ ವಿದ್ಯೆಗೆ ಕೊಡಗಿನ ಲೆಕ್ಕವನ್ನು ಒದಗಿಸುವುದಷ್ಟೇ ಬಾಕಿ.

ಆದ್ದರಿಂದ ಸದಸ್ಯರಲ್ಲಿ ನನ್ನ ಕೋರಿಕೆ ಇದು. ಊರಿನ ಮನೆಯಲ್ಲಿ ಮಳೆ ಪುಸ್ತಕವಿದ್ದರೆ ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆಸಿ ಸಂಘಕ್ಕೆ ಕಳುಹಿಸಿ. ಇಂಚು, ಸೆಂಟುಗಳನ್ನು ಮಿಲಿಮೀಟರಿಗೆ ಬದಲಾಯಿಸುವ ಶ್ರಮ ಬೇಡ. ಬರೆದದ್ದು ಬರೆದಂತೆಯೇ ಇರಲಿ. ಮಾಪಕ ಎಲ್ಲಿದೆ, ಬೆಳಿಗ್ಗೆ ಎಷ್ಟು ಗಂಟೆಗೆ ಅಳೆಯುವ ರೂಢಿ, ನಡುವೆ ಎಂದಾದರೂ ಅದರ ಜಾಗ ಬದಲಾಯಿತೇ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ, ಏಕೆಂದರೆ ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಪುಸ್ತಕವೂ ಅದರ ಒಡೆತನವೂ ಮನೆಯವರದ್ದೇ. ಅವರ ಒಪ್ಪಿಗೆಯಿಲ್ಲದೆ ಒಂದು ಅಂಕಿಯೂ ಹೊರಹೋಗದು. ಚಿತ್ರಗಳನ್ನು ಕೋಷ್ಟಕಕ್ಕೆ ಇಳಿಸಲು, ನಿಸಾರ್‌ನ ಉಚಿತ ದತ್ತಾಂಶದೊಂದಿಗೆ ಹೊಂದಿಸಿ ನೋಡಲು ನಮ್ಮಲ್ಲಿರುವ ಸಿವಿಲ್, ಸಾಫ್ಟ್‌ವೇರ್ ಮತ್ತು ದೂರಸಂವೇದಿ ಕ್ಷೇತ್ರದ ಎಂಜಿನಿಯರುಗಳು ವಾರಕ್ಕೆ ಒಂದೆರಡು ಗಂಟೆ ಕೊಟ್ಟರೆ ಸಾಕು. ಸಿದ್ಧವಾದದ್ದನ್ನು ಜಿಲ್ಲಾಡಳಿತಕ್ಕೂ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ತಲುಪಿಸೋಣ. ಮೊದಲ ಕಂತಿಗೆ 2018, 2019 ಮತ್ತು 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳು, ಅಂಚಿನಲ್ಲಿ ಬರೆದ ಟಿಪ್ಪಣಿಗಳೂ ಕಾಣುವಂತೆ, ಬರಲಿ. ಹಳೆಯ ವರ್ಷಗಳದ್ದನ್ನು ಆಮೇಲೆ ನೋಡೋಣ.