ದುಡ್ಡು ಕೊಟ್ಟು ಉಳಿಯುವ ನೆಂಟರು

ಪ್ರೀತಿಯ ಪುಟ್ಟಿ,

ಕೊಚ್ಚಿಯ ಹೋಟೆಲಿನ ಬಾಡಿಗೆ ಎಷ್ಟು ಅಂತ ನೀನು ಕೊನೆಗೂ ಬಾಯಿ ಬಿಡಲಿಲ್ಲ. ಹೊರಡುವ ದಿನ ಅಲ್ಲಿನ ಹುಡುಗ ಬಿಲ್ಲು ತಂದು ಮುಂದಿಟ್ಟ, ನೋಡಿಬಿಟ್ಟೆ. ಒಂದು ರಾತ್ರಿಯ ದುಡ್ಡಿನಲ್ಲಿ ಒಬ್ಬ ಆಳಿಗೆ ವಾರವಿಡೀ ಸಂಬಳ ಕೊಟ್ಟು ತೋಟಕ್ಕೆ ಸೊಪ್ಪು ಹಾಕಿಸಬಹುದಿತ್ತು. ಅಪ್ಪನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಫೋನಿನಲ್ಲಿ "ಚೆನ್ನಾಗಿತ್ತು" ಅಂದೆ, ಅಷ್ಟೇ. ಇಲ್ಲಿ ಸಿಗ್ನಲ್ ಹಿಡಿಯುವುದು ಅಂಗಳದ ತುದಿಯಲ್ಲಿ ಮಾತ್ರ. ಅಲ್ಲಿ ನಿಂತು ಉದ್ದುದ್ದ ಮಾತಾಡಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ನಮ್ಮನ್ನು ಸುಮ್ನೆ ಊರು ನೋಡಿ ಬರಲಿ ಅಂತ ಕಳಿಸಿಲ್ಲ ಅನ್ನುವುದು ನನಗೂ ಗೊತ್ತು. ಮನೆಯನ್ನು ಹೋಂಸ್ಟೇ ಮಾಡೋಣ ಅಂತ ನೀನು ಹೇಳಿದಾಗಲೆಲ್ಲ ನಾನು ಮಾತು ತಿರುಗಿಸುತ್ತಿದ್ದೆ. ಹಳೇ ಮನೆ ಹೋಟೆಲಾದರೆ ಹೇಗಿರುತ್ತದೆ ಅಂತ ಅಮ್ಮ ಕಣ್ಣಾರೆ ನೋಡಲಿ ಅಂತ ನಿನ್ನ ಲೆಕ್ಕ, ಅಲ್ವಾ? ನೋಡಿ ಬಂದೆ. ಈಗ ಕೇಳು.

ಪ್ರಯಾಣದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಆಗುಂಬೆ ಘಾಟಿ ಇಳಿದು ಉಡುಪಿ, ಅಲ್ಲಿಂದ ಮಂಗಳಾ ಎಕ್ಸ್‌ಪ್ರೆಸ್. ಎರ್ನಾಕುಲಂನಲ್ಲಿ ಇಳಿದು ನೀನು ಹೇಳಿದಂತೆ ವಾಟರ್ ಮೆಟ್ರೋ ಹತ್ತಿದೆವು. ಬ್ಯಾಟರಿಯ ದೋಣಿ, ಒಳಗೆ ಏಸಿ. "ಸಿಗಂದೂರಿಗೆ ಸೇತುವೆ ಬಂತು, ಲಾಂಚಿನ ಗಲಾಟೆ ಮುಗಿಯಿತು ಅಂತ ನಾವು ಖುಷಿಪಟ್ಟರೆ ಇವರು ಸೇತುವೆ ಇದ್ದೂ ದೋಣಿ ಓಡಿಸುತ್ತಾರಲ್ಲ" ಅಂತ ಅಪ್ಪನಿಗೆ ಆಶ್ಚರ್ಯ.

ಹೋಟೆಲು ಅಂದರೆ ಹೋಟೆಲಿನ ಹಾಗೆ ಇಲ್ಲವೇ ಇಲ್ಲ. ಬೀದಿಗೆ ಒಂದು ಗೋಡೆ, ಅದರಲ್ಲೊಂದು ದಪ್ಪ ಬಾಗಿಲು. ಒಳಗೆ ಹೋದರೆ ನಡುವೆ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿಗಿಂತ ಸ್ವಲ್ಪ ಅಗಲ. ಡಚ್ಚರ ಕಾಲದ ಮನೆ ಅಂತ ಬೋರ್ಡು ಹಾಕಿದ್ದಾರೆ. ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡದ್ದು 1663ರಲ್ಲಿ, ಅವರಿಂದ ಇಂಗ್ಲಿಷರು ತೆಗೆದುಕೊಂಡದ್ದು 1795ರಲ್ಲಿ. ಯಾವ ಗೋಡೆ ಯಾರದ್ದೋ ದೇವರಿಗೇ ಗೊತ್ತು. ಮೆತ್ತಿನ, ಅಂದರೆ ಮಹಡಿಯ, ನೆಲಕ್ಕೆ ಅಗಲದ ಹಲಗೆ ಹಾಕಿದ್ದಾರೆ. ರಾತ್ರಿ ಯಾರು ಎದ್ದರೂ ಕಿರ್ರ್ ಅಂತ ಇಡೀ ಮನೆಗೆ ಗೊತ್ತಾಗುತ್ತದೆ. ಮಂಚ ಎಷ್ಟು ಎತ್ತರ ಅಂದರೆ ಹತ್ತಲು ಒಂದು ಮಣೆ ಇಟ್ಟಿದ್ದರು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆಯದೇ. ಬೆಳಿಗ್ಗೆ ಎದ್ದರೆ ಗೋಡೆಯ ಬುಡದಲ್ಲಿ ಉದ್ದಕ್ಕೂ ಬಿಳಿ ಪುಡಿ ಉದುರಿರುತ್ತಿತ್ತು. ಒಬ್ಬಳು ಹುಡುಗಿ ದಿನಾ ಬಂದು ಗುಡಿಸುತ್ತಿದ್ದಳು. ಮರುದಿನ ನೋಡಿದರೆ ಮತ್ತೆ ಅಷ್ಟೇ. ಇಷ್ಟು ಬಾಡಿಗೆ ತೆಗೆದುಕೊಂಡು ಗೋಡೆ ಸರಿಮಾಡಿಸಬಾರದೇ ಅಂತ ಮ್ಯಾನೇಜರನ್ನು ಕೇಳಿಯೇಬಿಟ್ಟೆ. ಅಪ್ಪ ಕಣ್ಣಲ್ಲೇ ಬೇಡ ಅಂದರು, ನಾನು ಬಿಡಲಿಲ್ಲ. ಆತ ಬೇಸರ ಮಾಡಿಕೊಳ್ಳದೆ ಹೇಳಿದ. ಅದು ಕೆಂಪು ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ನೆಲದ ಪಸೆ ಗೋಡೆಯೊಳಗೆ ಏರುತ್ತದೆ, ಅದರ ಜೊತೆ ಉಪ್ಪೂ ಏರುತ್ತದೆ. ಸುಣ್ಣದ ಗಾರೆಯಾದರೆ ಪಸೆ ಹೊರಗೆ ಹೋಗಿ ಒಣಗುತ್ತದೆ, ಉಪ್ಪು ಪುಡಿಯಾಗಿ ಉದುರುತ್ತದೆ, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಮುಗಿಯಿತು. ಹಿಂದೆ ಒಂದು ಕೋಣೆಗೆ ಸಿಮೆಂಟು ಮೆತ್ತಿ ಆಯಿಲ್ ಪೇಂಟ್ ಹೊಡೆಸಿದ್ದರಂತೆ. ಪಸೆಗೆ ಹೊರಗೆ ಹೋಗಲು ದಾರಿಯಿಲ್ಲದೆ ಗಾರೆಯೆಲ್ಲ ಉಬ್ಬಿ ಕಲ್ಲನ್ನೂ ಹಿಡಿದುಕೊಂಡು ಬಿದ್ದಿತ್ತಂತೆ.

ಇದನ್ನು ಯಾಕೆ ಇಷ್ಟು ಬರೆದೆ ಅಂದರೆ, ನೀನು ಕಳಿಸಿದ ಪ್ಲಾನಿನಲ್ಲಿ ಮೆತ್ತಿನ ಮಣ್ಣಿನ ಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಅಂತ ಇದೆ. ನಮಗೆ ಸಮುದ್ರದ ಉಪ್ಪಿಲ್ಲ, ಸರಿ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿದ ಮಳೆಯ ಪಾಲು ನಮಗೂ ಬರುತ್ತದಲ್ಲ. ಆಷಾಢದಲ್ಲಿ ಉಪ್ಪಿನ ಭರಣಿಯೂ ನೀರು ಬಿಡುವ ಮನೆ ಇದು. ಆ ಪ್ಲಾಸ್ಟರಿನ ಸಾಲನ್ನು ಮೊದಲು ಹೊಡೆದುಹಾಕು. ಕೆಂಪು ಗಾರೆ ನೆಲ ಕಿತ್ತು ಟೈಲ್ಸ್ ಹಾಕುವುದೂ ಬೇಡ. ಜಾರಿ ಬೀಳುವುದಕ್ಕೆ ದುಡ್ಡು ಯಾಕೆ ಕೊಡಬೇಕು?

ಇನ್ನೊಂದು ವಿಷಯ. ಊಟದ ಹಜಾರದಲ್ಲಿ ಹಳೆಯ ಫೋಟೋಗಳ ಸಾಲು ಇತ್ತು. ಅದರಲ್ಲಿ ಒಬ್ಬರು ಅಜ್ಜಿ. ಬಿಳಿ ಸೀರೆ, ಉದ್ದದ ಕಿವಿ, ಕುರ್ಚಿಯ ತುದಿಯಲ್ಲಿ ಕುಳಿತಿದ್ದಾರೆ. ಫೋಟೋದವನು ಬೇಗ ಮುಗಿಸಲಿ, ಒಳಗೆ ಹಾಲು ಉಕ್ಕುತ್ತದೆ ಅನ್ನುವ ಮುಖ. ಈ ಮನೆಯವರಾ ಅಂತ ಕೇಳಿದೆ. ತಿಂಡಿ ಬಡಿಸುವ ಹುಡುಗ ನಕ್ಕ. ಅಲ್ಲವಂತೆ. ಅಲ್ಲೇ ಹತ್ತಿರದ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಯಿಂದ ಚೌಕಟ್ಟಿನ ಸಮೇತ ತಂದದ್ದಂತೆ. ಯಾರದೋ ಮನೆಯ ಅಜ್ಜಿ, ಯಾವುದೋ ಮನೆ ಒಡೆದಾಗ ಮಾರಾಟವಾಗಿದ್ದಾರೆ. ಆಮೇಲೆ ನಾವೂ ಆ ಅಂಗಡಿಗಳ ಬೀದಿಗೆ ಹೋದೆವು. ತೊಟ್ಟಿಲು, ಕಡೆಗೋಲು, ಒರಳು, ಉರುಳಿ, ಇಡೀ ಇಡೀ ಬಾಗಿಲು. ಒಂದು ಅಂಗಡಿಯ ಮುಂದೆ ತಾಮ್ರದ ಹಂಡೆ ತೊಳೆದು ಹೊಳಪು ಕೊಟ್ಟು ಇಟ್ಟಿದ್ದರು. ಬೆಲೆ ಕೇಳಿ ನಿನ್ನ ಅಪ್ಪ ನನ್ನ ಮುಖ ನೋಡಿದರು. ನಮ್ಮ ಬಚ್ಚಲಿನ ಹಂಡೆ ಅದಕ್ಕಿಂತ ದೊಡ್ಡದು ಅಂತ ಅವರ ಹೆಮ್ಮೆ!

ಆ ಅಜ್ಜಿಯ ಫೋಟೋ ನನಗೆ ಹಿಡಿಸಲಿಲ್ಲ ಪುಟ್ಟಿ. ಹೋಟೆಲಿನವರ ಮೇಲೆ ಸಿಟ್ಟಿಲ್ಲ. ಮನೆ ಅವರ ಕೈಗೆ ಬರುವಾಗ ಖಾಲಿ ಇತ್ತು, ಗೋಡೆ ಬೋಳಾಗಿ ಕಾಣಬಾರದು ಅಂತ ಏನೋ ತಂದು ಹಾಕಿದರು. ಆದರೆ ನಮ್ಮ ಜಗಲಿಯ ಫೋಟೋಗಳಲ್ಲಿ ಇರುವುದು ನಮ್ಮ ಅತ್ತೆ, ಮಾವ. ಅವರ ಹೆಸರು, ಅವರ ಸಿಟ್ಟು, ಯಾರಿಗೆ ಸಾಲ ಕೊಟ್ಟು ಮೋಸ ಹೋದರು, ಎಲ್ಲ ಗೊತ್ತು. ಬಂದವರು ಕೇಳಿದರೆ ನಾನು ಒಂದು ಗಂಟೆ ಹೇಳುತ್ತೇನೆ. ನಿನ್ನ ಹೋಂಸ್ಟೇಗೆ ಬಂಡವಾಳ ಅಂತ ಏನಾದರೂ ಇದ್ದರೆ ಅದೇ.

ಊರಿನ ಕಥೆಯನ್ನೂ ಸ್ವಲ್ಪ ಹೇಳದಿದ್ದರೆ ಅಪ್ಪ ಬಿಡುವುದಿಲ್ಲ. ಅವರು ನೋಡಲು ಹೋದದ್ದು ಒಂದೇ, ಮೆಣಸಿನ ಪೇಟೆ. ಇಷ್ಟು ವರ್ಷ ಪೇಪರಿನಲ್ಲಿ ಕೊಚ್ಚಿ ರೇಟು ನೋಡಿ ಮೆಣಸು ಮಾರಿದ ಮನುಷ್ಯ. ಮಟ್ಟಾಂಚೇರಿಯ ಬಜಾರ್ ರೋಡಿನಲ್ಲಿ ಎರಡೂ ಕಡೆ ಹಳೇ ಗೋಡೌನುಗಳು, ಹಿಂದೆ ನೇರ ನೀರು. ದೋಣಿಯಿಂದ ಇಳಿಸಿ ಒಳಗೆ, ಒಳಗಿನಿಂದ ಹೊರಗೆ. ಶುಂಠಿ, ಮೆಣಸು, ಗೋಣಿಯ ವಾಸನೆ. ಒಂದು ಕಡೆ ಒಳಗೆ ಬಿಟ್ಟರು. ಅಪ್ಪ ಒಂದು ಮುಷ್ಟಿ ಮೆಣಸು ತೆಗೆದು ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಕಚ್ಚಿ, "ಒಂದು ಲೀಟರ್ ಅಳತೆಗೆ 550 ಗ್ರಾಂ ತೂಗುತ್ತದೆ" ಅಂದರು. ಅಲ್ಲಿದ್ದವನು ಕೊಂಕಣಿಯವನು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದ ಕೊಂಕಣಿಗರು ಮಟ್ಟಾಂಚೇರಿಯಲ್ಲಿ ಬೇಕಾದಷ್ಟು ಇದ್ದಾರೆ. ತೀರ್ಥಹಳ್ಳಿ ಪೇಟೆಯಲ್ಲಿ ಕಲಿತ ಅರ್ಧಂಬರ್ಧ ಕೊಂಕಣಿ ಅಪ್ಪನಿಗೆ ಅಲ್ಲಿ ಕೆಲಸಕ್ಕೆ ಬಂತು. ಮೆಣಸಿನ ತಳಿಯಲ್ಲಿ ಪಣಿಯೂರು ಒಳ್ಳೆಯದೋ ಕರಿಮುಂಡ ಒಳ್ಳೆಯದೋ ಅಂತ ಇಬ್ಬರೂ ಶುರುಮಾಡಿದರು. ನಾನು ಗೋಣಿಯ ಮೇಲೆ ಕುಳಿತೆ.

ಅಲ್ಲಿ ಕುಳಿತು ಯೋಚಿಸಿದ್ದು ಇದು. ಈ ಊರಿಗೆ ಪರದೇಶದವರು ಹಡಗು ತಂದದ್ದೇ ಮೆಣಸಿಗೆ. ವಾಸ್ಕೋ ಡ ಗಾಮ ಸತ್ತದ್ದು ಇಲ್ಲಿಯೇ, 1524ರಲ್ಲಿ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿದ ಜಾಗವನ್ನು ಕಟಕಟೆ ಹಾಕಿ ತೋರಿಸುತ್ತಾರೆ. 1539ರಲ್ಲಿ ಅವಶೇಷವನ್ನು ಪೋರ್ಚುಗಲ್‌ಗೆ ಒಯ್ದರು, ಈಗ ಖಾಲಿ ಕಲ್ಲು. ನಮ್ಮ ಕೆಳದಿಯ ನಾಯಕರೂ ಘಟ್ಟದ ಮೆಣಸನ್ನು ಕರಾವಳಿಯ ಬಂದರುಗಳಲ್ಲಿ ಇದೇ ಜನರಿಗೆ ಮಾರಿದವರು. 1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಅನ್ನುವ ಇಟಲಿಯವನು ಪೋರ್ಚುಗೀಸರ ರಾಯಭಾರಿಯ ಜೊತೆ ಗೇರುಸೊಪ್ಪೆಯ ಕಡೆಯಿಂದ ಘಾಟಿ ಹತ್ತಿ ವೆಂಕಟಪ್ಪ ನಾಯಕರನ್ನು ಕಾಣಲು ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಮಕ್ಕಳು ಮರಳಿನ ಮೇಲೆ ಲೆಕ್ಕ ಬರೆದು ರಾಗವಾಗಿ ಹೇಳಿ ಕಲಿಯುವುದನ್ನು ನೋಡಿ ಬರೆದಿಟ್ಟಿದ್ದಾನೆ. ರಾಜಕಾರಣಕ್ಕಿಂತ ನನಗೆ ಇದೇ ಇಷ್ಟ. ಮಲೆನಾಡಿಗೆ ದೂರದ ನೆಂಟರು ಹೊಸಬರೇನಲ್ಲ. ಆಗ ಮೆಣಸು ಬೇಕಿತ್ತು, ಈಗ ಮಳೆ ಬೇಕಂತೆ. ನೋಡಲು ದುಡ್ಡು ಕೊಡುತ್ತಾರಂತೆ!

ಸಂಜೆ ಚೀನೀ ಬಲೆ ನೋಡಿದೆವು. ದಡದಲ್ಲಿ ಮರದ ದೊಡ್ಡ ಚೌಕಟ್ಟು, ನಾಲ್ಕು ಮೂಲೆಗೆ ಬಲೆ. ಹಿಂದೆ ಹಗ್ಗಗಳಲ್ಲಿ ಕಲ್ಲುಗುಂಡುಗಳನ್ನು ಮೇಲಿಂದ ಕೆಳಗೆ ಸಾಲಾಗಿ ಕಟ್ಟಿದ್ದಾರೆ. ಒಬ್ಬ ಅಡ್ಡ ಮರದ ಮೇಲೆ ಮುಂದೆ ನಡೆದರೆ ಬಲೆ ನೀರಿಗೆ ಇಳಿಯುತ್ತದೆ. ನಾಲ್ಕೈದು ಜನ ಹಗ್ಗ ಜಗ್ಗಿದರೆ ಮೇಲೇಳುತ್ತದೆ. ಮೇಲೆದ್ದಂತೆ ಕಲ್ಲುಗಳು ಒಂದೊಂದಾಗಿ ಕೆಳಗೆ ಕೂರುತ್ತವೆ. "ನಮ್ಮ ಏತದ ಹಾಗೇ" ಅಂದರು ಅಪ್ಪ. ಅಷ್ಟು ದೊಡ್ಡ ಬಲೆಗೆ ಸಿಕ್ಕಿದ್ದು ಒಂದು ಬೊಗಸೆ ಮೀನು. ಆಮೇಲೆ ಆ ಮೀನುಗಾರರು ಫೋಟೋ ತೆಗೆಯುವವರನ್ನು ಕರೆದು ಹಗ್ಗ ಜಗ್ಗಿಸಿ ಟಿಪ್ಸ್ ತೆಗೆದುಕೊಂಡರು. ಮೀನಿಗಿಂತ ಅದೇ ಜಾಸ್ತಿ ಇರಬೇಕು. ನಮ್ಮ ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ನೀನು ಹೋಂಸ್ಟೇ ಅಂತ ಶುರುಮಾಡಿದ್ದು ಯಾಕೆ ಅಂತ ಆಗ ನನಗೆ ಅರ್ಥವಾಯಿತು. ಅಪ್ಪ ಏನೂ ಮಾತಾಡಲಿಲ್ಲ. ಅವರಿಗೂ ಅರ್ಥವಾಗಿರಬೇಕು.

ಸರಿ, ಈಗ ನನ್ನ ಮಾತು. ಮಾಡೋಣ. ಆದರೆ ನಾನು ಹೇಳಿದ ಹಾಗೆ.

ಕೊಡುವುದು ಮೆತ್ತಿನ ಕೋಣೆಗಳನ್ನು ಮಾತ್ರ. ಕೆಳಗೆ ನಾವು ಇರುತ್ತೇವೆ, ದನ ಕೊಟ್ಟಿಗೆಯಲ್ಲಿರುತ್ತದೆ, ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯಲ್ಲಿ ಸುಲಿಯುತ್ತೇವೆ. ನೆಂಟರಿಗೆ ತೊಂದರೆ ಅಂತ ಅದನ್ನು ಶೆಡ್ಡಿಗೆ ಕಳಿಸುವುದಿಲ್ಲ. ಕುಪ್ಪಳ್ಳಿಯ ಕವಿಮನೆಯನ್ನು ಎಷ್ಟು ಚೆಂದ ಇಟ್ಟಿದ್ದಾರೆ, ಆದರೆ ಅಲ್ಲಿ ಒಲೆ ಉರಿಯುವುದಿಲ್ಲ. ಅದು ಮ್ಯೂಸಿಯಂ, ಹಾಗೇ ಇರಬೇಕು. ನಮ್ಮದು ಹಾಗಾಗುವುದು ಬೇಡ. ಒರಳಿನಲ್ಲಿ ಹೂವಿನ ಗಿಡ ನೆಡುವ ಯೋಚನೆಯನ್ನೂ ಬಿಡು. ವಾರಕ್ಕೊಮ್ಮೆಯಾದರೂ ಅದರಲ್ಲಿ ರುಬ್ಬುತ್ತೇನೆ.

ಬಚ್ಚಲಿನ ವಿಷಯಕ್ಕೆ ನೀನು ಹೇಳಿದ್ದೇ ಸರಿ. ಆ ಹೋಟೆಲಿನಲ್ಲಿ ಕೋಣೆಯ ಮೂಲೆಯಲ್ಲೇ ಗಾಜಿನ ಬಾಗಿಲು ಹಾಕಿ ಬಚ್ಚಲು ಮಾಡಿದ್ದರು. ಅಪ್ಪ ಮೊದಲ ದಿನ ಟವೆಲು ನೇತುಹಾಕಿ ಗಾಜು ಮುಚ್ಚಿದರು. ನಮ್ಮಲ್ಲಿ ಗಾಜು ಬೇಡ. ಆದರೆ ರಾತ್ರಿ ಮಳೆಯಲ್ಲಿ ಛತ್ರಿ ಹಿಡಿದು ಹಿತ್ತಲಿಗೆ ಹೋಗಿ ಅಂತ ಬಂದವರಿಗೆ ಹೇಳಲೂ ಆಗುವುದಿಲ್ಲ. ಮೆತ್ತಿನ ಹಿಂಬದಿಗೆ ಕಟ್ಟಿಸು, ಪೈಪು ಮುಂಡಿಗೆ ಕಂಬಕ್ಕೆ ತಾಗದ ಹಾಗೆ. ಸ್ನಾನದ ನೀರು ಮಾತ್ರ ಹಂಡೆಯಿಂದಲೇ. ಕರೆಂಟಿನ ಕಥೆ ನಿನಗೆ ಗೊತ್ತಲ್ಲ, ಗಾಳಿಮಳೆ ಬಂದರೆ ಗೀಸರು ಗೋಡೆಗೆ ಅಲಂಕಾರ.

ಅಡುಗೆ ನನ್ನದು. ಆ ಹೋಟೆಲಿನಲ್ಲಿ ನನಗೆ ನಿಜವಾಗಿ ಮನೆ ಅನ್ನಿಸಿದ್ದು ಅಡುಗೆಯವರಿಂದ. ಅಲ್ಲೇ ಅಕ್ಕಪಕ್ಕದ ಓಣಿಯ ಹೆಂಗಸು, ನನ್ನ ವಯಸ್ಸಿನವರೇ. ಪುಟ್ಟು, ಕಡಲೆ ಕೂಟು ಮಾಡಿ ಕಳಿಸಿ ತಾವು ಬಾಗಿಲ ಸಂದಿಯಲ್ಲಿ ನಿಂತು ನಾವು ತಿನ್ನುವುದನ್ನೇ ನೋಡುತ್ತಿದ್ದರು. ನಾನು ಇನ್ನೊಂದು ತುಂಡು ಹಾಕಿಸಿಕೊಂಡ ಮೇಲೆ ಒಳಗೆ ಹೋದರು. ಭಾಷೆ ಬರುವುದಿಲ್ಲ, ಆದರೂ ಅಕ್ಕಿ ಹಿಟ್ಟಿಗೆ ಎಷ್ಟು ನೀರು ಚಿಮುಕಿಸಬೇಕು ಅಂತ ಕೈಯಲ್ಲೇ ತೋರಿಸಿಕೊಟ್ಟರು. ನಮ್ಮಲ್ಲೂ ಹಾಗೇ. ಕಡುಬು, ಅಕ್ಕಿ ರೊಟ್ಟಿ, ತಂಬುಳಿ, ಅಪ್ಪೆಮಿಡಿ, ಮಳೆಗಾಲದಲ್ಲಿ ಕಳಲೆ, ಪತ್ರೊಡೆ. ಮೆನು ಅಂತ ಅಚ್ಚು ಹಾಕಿಸಬೇಡ. ಅವತ್ತು ಏನು ಮಾಡಿದ್ದೇನೋ ಅದು. ಪಾತ್ರೆಗೆ ಮತ್ತು ಕೋಣೆ ಗುಡಿಸಲು ಊರಿನವರನ್ನೇ ಇಡು, ಸಂಬಳ ಮೊದಲೇ ಮಾತಾಡು.

ಇಂಬಳದ, ಅದೇ ಜಿಗಣೆಯ, ವಿಷಯವನ್ನು ಫೋನಿನಲ್ಲಿ ಬುಕ್ ಮಾಡುವಾಗಲೇ ಹೇಳಿಬಿಡಬೇಕು. ಆಮೇಲೆ ಕಿರುಚಬಾರದು. ಪ್ರವಾಸೋದ್ಯಮ ಇಲಾಖೆ, ಪಂಚಾಯಿತಿ, ಈ ಓಡಾಟ ನಿನ್ನದು. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಬೇಕಂತೆ, ಆ ಮ್ಯಾನೇಜರೇ ಹೇಳಿದ. ಅದನ್ನು ನನ್ನ ತಲೆಗೆ ಕಟ್ಟಬೇಡ.

ಬಾಡಿಗೆ ಎಷ್ಟು ಇಡಬೇಕು ಅನ್ನುವುದರಲ್ಲಿ ನನಗೂ ಅಪ್ಪನಿಗೂ ಇನ್ನೂ ಜಗಳ ನಡೆಯುತ್ತಿದೆ. ಊಟ ಹಾಕಿ ದುಡ್ಡು ತೆಗೆದುಕೊಳ್ಳುವುದು ಅವರಿಗೆ ಗಂಟಲಲ್ಲಿ ಇಳಿಯುತ್ತಿಲ್ಲ. "ಕೋಣೆಗೆ ಬೇಕಾದರೆ ತಗೊಳ್ಳಿ, ಊಟಕ್ಕೆ ಬೇಡ" ಅನ್ನುತ್ತಾರೆ. ಹಾಗಾದರೆ ಗ್ಯಾಸು, ತೆಂಗಿನಕಾಯಿ ಯಾರಪ್ಪನ ಮನೆಯಿಂದ ಬರುತ್ತದೆ ಅಂತ ನಾನು. ಕೊಚ್ಚಿಯ ಬಿಲ್ಲು ತೋರಿಸಿದರೆ ಒಪ್ಪುತ್ತಾರೇನೋ, ಆದರೆ ಅದನ್ನು ತೋರಿಸುವ ಹಾಗಿಲ್ಲವಲ್ಲ.

ಭೂಮಿ ಹುಣ್ಣಿಮೆಗೆ ರಜೆ ಹಾಕಿ ಬಾ. ಆಮೇಲೆ ಅಡಿಕೆ ಕೊನೆಯ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ. ಸುಣ್ಣದ ಗಾರೆ ಮಾಡಿ ಗೊತ್ತಿರುವ ಮೇಸ್ತ್ರಿ ಈಗ ನಮ್ಮ ಕಡೆ ಅಪರೂಪ. ಕೊಪ್ಪದ ಹತ್ತಿರ ಒಬ್ಬರಿದ್ದಾರೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ, ಅವರನ್ನು ಆ ದಿನ ಬರಲು ಹೇಳಿಸಿದ್ದೇನೆ. ನಿನ್ನ ಪ್ಲಾನಿನ ಕಾಗದ ತಾ. ಪೆನ್ಸಿಲಿನಲ್ಲಿ ಬರೆದದ್ದಿದ್ದರೆ ಒಳ್ಳೆಯದು, ಅಳಿಸುವುದು ಬಹಳ ಇದೆ.

ಇತಿ,
ನಿನ್ನ ಅಮ್ಮ