ಬಿಡುಗಡೆಯಾದರೂ ಹೋಗಲು ಊರಿಲ್ಲದವರು

ಚಿರಂಜೀವಿ ಮಾನಸಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಸಮಾಧಾನವಾಗಿ ಉತ್ತರಿಸಲಾಗಲಿಲ್ಲ. ಕ್ಯೂಬಾದಲ್ಲಿ ಅಮೆರಿಕದ ಸೇನೆ ನಡೆಸುವ ಗ್ವಾಂಟನಾಮೊ ಸೆರೆಮನೆಯ ಸೆರೆಯಾಳುಗಳಿಗೆ ಬೇರೆ ದೇಶಗಳೇಕೆ ನೆಲೆ ಕೊಡಬೇಕು, ಹಿಡಿದವರೇ ಇಟ್ಟುಕೊಳ್ಳಲಿ ಎಂದೆಯಲ್ಲ, ಅದು ನ್ಯಾಯವಾದ ಮಾತೇ. ಆದರೆ ಎಲ್ಲ ಸರ್ಕಾರಗಳೂ ಅದನ್ನೇ ಹೇಳಿದಾಗ ಒಳಗಿದ್ದವರ ಗತಿ ಏನಾಯಿತೆಂಬುದನ್ನು ಉಯಿಘರ್ ಕೈದಿಗಳ ಪ್ರಕರಣದಲ್ಲಿ ನೋಡು.

ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಈ 22 ಮುಸ್ಲಿಮರಲ್ಲಿ ಹೆಚ್ಚಿನವರು, 2001ರಲ್ಲಿ ಅಫ್ಘಾನಿಸ್ತಾನದ ಮೇಲೆ ಬಾಂಬು ಬೀಳತೊಡಗಿದಾಗ ಪಾಕಿಸ್ತಾನಕ್ಕೆ ಓಡಿ, ಇನಾಮಿನ ಆಸೆಗೆ ಅಲ್ಲಿಯವರು ಹಿಡಿದುಕೊಟ್ಟಿದ್ದರಿಂದ ಅಮೆರಿಕದ ಸೇನೆಯ ಕೈಸೇರಿದವರು. ಚೀನಾಕ್ಕೆ ಕಳಿಸಿದರೆ ಚಿತ್ರಹಿಂಸೆಯಾದೀತೆಂದು ಅಮೆರಿಕಕ್ಕೇ ಅಳುಕಿತ್ತು. 2006ರಲ್ಲಿ ಅಲ್ಬೇನಿಯಾ ಐವರನ್ನು ಕರೆದುಕೊಂಡಿತು. ಉಳಿದ 17 ಮಂದಿಯನ್ನು ಹಿಡಿದಿಡಲು ಕಾರಣವಿಲ್ಲ, ಅವರನ್ನು ಅಮೆರಿಕದೊಳಗೇ ಬಿಡಬೇಕೆಂದು 2008ರ ಅಕ್ಟೋಬರಿನಲ್ಲಿ ನ್ಯಾಯಾಧೀಶ ರಿಕಾರ್ಡೊ ಉರ್ಬಿನಾ ಆದೇಶಿಸಿದರು. ವಾಷಿಂಗ್ಟನ್ ಸುತ್ತಮುತ್ತಲಿನ ಉಯಿಘರ್ ಕುಟುಂಬಗಳು ಅವರನ್ನು ಮನೆಯಲ್ಲಿರಿಸಿಕೊಳ್ಳಲು ಸಿದ್ಧವಾಗಿದ್ದವು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ವಿದೇಶಿಯರನ್ನು ದೇಶದೊಳಗೆ ಬಿಟ್ಟುಕೊಳ್ಳಬೇಕೆಂದು ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲವೆಂದು 2009ರ ಫೆಬ್ರುವರಿಯಲ್ಲಿ ಮೇಲಿನ ನ್ಯಾಯಾಲಯ ಹೇಳಿತು. ಹಿಡಿದಿಡಲು ಕಾರಣವಿಲ್ಲ, ಹೊರಗೆ ಬಿಡಲು ದಾರಿಯಿಲ್ಲ! ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದ ನಾನು ಇದನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳುತ್ತಿದ್ದೆನೋ.

ಒಂದು ವರ್ಷದೊಳಗೆ ಆ ಸೆರೆಮನೆಯನ್ನು ಮುಚ್ಚುವುದಾಗಿ ಒಬಾಮ ಅದೇ ಜನವರಿಯಲ್ಲಿ ಆದೇಶ ಹೊರಡಿಸಿದ್ದರು. ಕೆಲವು ಉಯಿಘರರನ್ನು ವರ್ಜೀನಿಯಾದಲ್ಲಿ ನೆಲೆಗೊಳಿಸುವ ಯೋಚನೆಯೂ ಇತ್ತು. ವಿರೋಧ ಎದ್ದೊಡನೆ ಅದನ್ನು ಕೈಬಿಟ್ಟರು. ತಮ್ಮ ಮನೆಯ ಬಾಗಿಲಿಗೆ ಅಗುಳಿ ಹಾಕಿಕೊಂಡು ಪರರ ಬಾಗಿಲು ತಟ್ಟಲು ಹೊರಟವರಿಗೆ ಎಂಥ ಉತ್ತರ ಸಿಗಬಹುದು? ಉಯಿಘರರು ಬಹಳ ಮಂದಿ ನೆಲೆಸಿರುವ ಮ್ಯೂನಿಕ್‌ನ ನಗರಸಭೆ ಬರಲಿ ಎಂದರೂ ಜರ್ಮನ್ ಸರ್ಕಾರ ಒಪ್ಪಲಿಲ್ಲ; ನೀವೇ ಹೆದರುವವರನ್ನು ನಾವೇಕೆ ಕರೆದುಕೊಳ್ಳಬೇಕೆಂಬುದು ಯುರೋಪಿನ ಹಲವರ ವಾದವಾಗಿತ್ತು. ನಿನ್ನದೂ ಅದೇ.

ಕೊನೆಗೆ ಕೈಹಿಡಿದವು ಪುಟ್ಟ ನಾಡುಗಳು. ನಾಲ್ವರು ಬರ್ಮುಡಾಕ್ಕೆ, ಆರು ಮಂದಿ ಪಲಾವ್‌ಗೆ (ಹೆಸರು ಕೇಳಿ ನಗಬೇಡ, ಅದು ಇಪ್ಪತ್ತು ಸಾವಿರದಷ್ಟು ಜನರಿರುವ ಪೆಸಿಫಿಕ್ ದ್ವೀಪದೇಶ), ಆಮೇಲೆ ಇಬ್ಬರು ಸ್ವಿಟ್ಜರ್ಲೆಂಡಿಗೆ, ಇನ್ನಿಬ್ಬರು ಎಲ್ ಸಾಲ್ವಡಾರ್‌ಗೆ ಹೋದರು. ಉಳಿದ ಮೂವರು ಸ್ಲೊವಾಕಿಯಾಕ್ಕೆ ಹೊರಟಾಗ 2013ರ ಡಿಸೆಂಬರ್ ಮುಗಿಯುತ್ತಿತ್ತು. ಉರ್ಬಿನಾ ಆದೇಶವಾಗಿ ಐದು ವರ್ಷ ಕಳೆದಿದ್ದವು.

ಆ ಆದೇಶವನ್ನೂ ಅದನ್ನು ತಳ್ಳಿಹಾಕಿದ ತೀರ್ಪನ್ನೂ ಜೊತೆಗಿಟ್ಟುಕೊಂಡು ಓದು. ದಸರೆಗೆ ಬಂದಾಗ ಮಾತನಾಡೋಣ.

ಇಂತಿ ನಿನ್ನ ಅಪ್ಪ