ಗ್ಯಾಸ್ ಗೀಸರ್ ಹತ್ತಿಕೊಂಡರೆ ಸಾಕೇ?

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಬೆಂಗಳೂರಿಗೆ ಚಳಿ ಬಿತ್ತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ನಾನು ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್ ಕಡೆ ಗ್ಯಾಸ್ ಗೀಸರ್ ರಿಪೇರಿ ಮಾಡುವವನು. ಫೋನ್ ಮಾಡುವವರದೆಲ್ಲ ಒಂದೇ ಮಾತು: 'ಗೀಸರ್ ಹತ್ತುತ್ತಿಲ್ಲ, ಬೇಗ ಬನ್ನಿ.' ಹತ್ತುತ್ತದೆ, ಆದರೆ ಉರಿ ಯಾಕೋ ಸರಿ ಇಲ್ಲ ಎಂದು ಕರೆಯುವವರು ತೀರಾ ಅಪರೂಪ. ಜೀವಕ್ಕೆ ಅಪಾಯ ಇರುವುದು ಆ ಎರಡನೆಯದರಲ್ಲೇ.

ಹತ್ತದಿರುವುದಕ್ಕೆ ಕಾರಣ ಬಹಳ ಸಲ ಸಣ್ಣದಿರುತ್ತದೆ. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೆ ಒಳಗಿನ ರಬ್ಬರ್ ಡಯಾಫ್ರಮ್ ಒಂದು ಪಿನ್ನನ್ನು ತಳ್ಳುತ್ತದೆ, ಮೈಕ್ರೋ ಸ್ವಿಚ್ ಆನ್ ಆಗುತ್ತದೆ. ಕೆಳಗಿನ ಎರಡು ದೊಡ್ಡ ಸೆಲ್‌ಗಳಿಂದ ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ. ಬೆಂಕಿ ಹತ್ತಿದ್ದು ಸೆನ್ಸರ್ ಕಡ್ಡಿಗೆ ಗೊತ್ತಾದರೆ ಮಾತ್ರ ವಾಲ್ವ್ ತೆರೆದಿರುತ್ತದೆ. ಇಲ್ಲದಿದ್ದರೆ ಕೆಲವೇ ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಒಳಪೈಪಿನ ಜಾಲರಿ ಬಿಳಿ ಪುಡಿಯಿಂದ ಕಟ್ಟಿಕೊಂಡಿರುತ್ತದೆ. ಮೇಲಿನ ಮಹಡಿಯಲ್ಲಿ ಟ್ಯಾಂಕ್ ತಲೆ ಮೇಲೇ ಇರುವುದರಿಂದ ಒತ್ತಡ ಸಾಲದು. ಸೆಲ್ ಇಳಿದಿದ್ದರೆ ಟಕಟಕ ಅನ್ನುತ್ತದೆ ಅಷ್ಟೇ. ಸೆಲ್ ಬದಲಿಸಿ, ಜಾಲರಿ ತೊಳೆದು, ಸೆನ್ಸರ್ ಕಡ್ಡಿಗೆ ಹಿಡಿದ ಮಸಿಯನ್ನು ಎಮರಿ ಪೇಪರಿನಲ್ಲಿ ಉಜ್ಜಿದರೆ ಎಷ್ಟೋ ಗೀಸರ್ ಹತ್ತಿಕೊಳ್ಳುತ್ತವೆ. ಒಂದು ಮಾತು ಮಾತ್ರ ನೆನಪಿರಲಿ: ಹತ್ತುವಾಗ 'ಧಪ್' ಎಂದು ಸದ್ದು ಬಂದರೆ, ಕಿಡಿ ತಗಲುವ ಮುಂಚೆಯೇ ಗ್ಯಾಸ್ ತುಂಬಿಕೊಂಡಿದೆ ಎಂದರ್ಥ. ಅಂಥ ಗೀಸರ್ ಅನ್ನು ರಿಪೇರಿ ಆಗುವವರೆಗೆ ಬಳಸಬೇಡಿ.

ಹತ್ತಿಕೊಂಡ ಕೂಡಲೇ ಮನೆಯವರು ದುಡ್ಡು ಕೊಡಲು ಪರ್ಸ್ ತೆಗೆಯುತ್ತಾರೆ. ನಾನು ಮುಂದಿನ ಕವರ್ ಬಿಚ್ಚಿ ಬರ್ನರ್ ನೋಡಬೇಕು ಅಂದರೆ 'ಅದೆಲ್ಲ ಯಾಕೆ, ಬಿಸಿನೀರು ಬರ್ತಿದೆ ಅಲ್ವಾ' ಅನ್ನುತ್ತಾರೆ. ಬೇಕು ಸ್ವಾಮಿ. ಉರಿ ನೀಲಿಯಾಗಿ, ಗಟ್ಟಿಯಾಗಿ ನಿಂತಿರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಬರ್ನರಿಗೆ ಗಾಳಿ ಸೇರುವ ಸಣ್ಣ ಬಾಯಿಗಳಲ್ಲಿ ಜೇಡ ಬಲೆ ಕಟ್ಟಿರುತ್ತದೆ. ಬೇಸಿಗೆಯಲ್ಲಿ ಸುಮ್ನೆ ಬಿಟ್ಟ ಗೀಸರ್‌ಗಳಲ್ಲಿ ಇದು ಜಾಸ್ತಿ. ಮೇಲೆ ನೀರು ಕಾಯುವ ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿ, ಟಾರ್ಚ್ ಹಿಡಿದರೆ ಬೆಳಕೇ ಆಚೆ ಹೋಗುವುದಿಲ್ಲ. ಹೊಗೆ ಹೋಗಲು ದಾರಿಯಿಲ್ಲದೆ ಕೋಣೆಗೇ ಇಳಿಯುತ್ತದೆ. ಅದರಲ್ಲಿರುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ.

ಸಿಲಿಂಡರ್ ಗ್ಯಾಸ್ ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ವಾಸನೆ ಸೇರಿಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೈಗೆ ಆಮ್ಲಜನಕ ಸಾಲದೆ ಸ್ನಾನ ಮಾಡುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ. ಪಿತ್ತ ಅಂದುಕೊಳ್ಳುತ್ತಾರೆ. ಹೊರಗೆ ಬಂದು ಬಾಗಿಲು ತೆಗೆಯುವಷ್ಟು ಶಕ್ತಿಯೂ ಉಳಿಯದೆ ಬಿದ್ದುಬಿಡುತ್ತಾರೆ. ಸೊಳ್ಳೆ ಬರುತ್ತದೆ, ಚಳಿಗಾಳಿ ಬರುತ್ತದೆ ಎಂದು ವೆಂಟಿಲೇಟರಿಗೆ ಥರ್ಮಾಕೋಲ್ ಅಂಟಿಸಿದ ಬಚ್ಚಲುಗಳನ್ನು ನಾನು ಪ್ರತಿ ಚಳಿಗಾಲ ನೋಡುತ್ತೇನೆ. ಮೊದಲು ಅದನ್ನು ಕಿತ್ತುಹಾಕಿಯೇ ಪೆಟ್ಟಿಗೆ ತೆರೆಯುತ್ತೇನೆ. ನನ್ನ ಕೇಳಿದರೆ ಗ್ಯಾಸ್ ಗೀಸರ್ ಬಚ್ಚಲೊಳಗೆ ಇರಲೇಬಾರದು. ಯುಟಿಲಿಟಿಯಲ್ಲೋ ಗಾಳಿಯಾಡುವ ಬಾಲ್ಕನಿಯಲ್ಲೋ ಇಟ್ಟು ಬಿಸಿನೀರಿನ ಪೈಪ್ ಮಾತ್ರ ಒಳಗೆ ತರಬೇಕು.

ಇತ್ತೀಚೆಗೆ ಇನ್ನೊಂದು ತಾಪತ್ರಯ ಸೇರಿಕೊಂಡಿದೆ. ಪೈಪ್ ಗ್ಯಾಸ್ ಇರುವ ಅಪಾರ್ಟ್‌ಮೆಂಟಿನಿಂದ ಮನೆ ಬದಲಿಸುವವರು ಗೀಸರ್ ಬಿಚ್ಚಿಕೊಂಡು ಬಂದು ಸಿಲಿಂಡರಿಗೆ ಜೋಡಿಸುತ್ತಾರೆ. ಎರಡೂ ಗ್ಯಾಸೇ, ಆದರೆ ಒಂದೇ ಅಲ್ಲ. ಮನೆಗೆ ಬರುವ ಪೈಪ್ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್, ಸಿಲಿಂಡರ್ ರೆಗ್ಯುಲೇಟರಿನದು ಸುಮಾರು 30. ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸ್ ಎರಡು ಪಟ್ಟಿಗೂ ಜಾಸ್ತಿ ಶಾಖ ಕೊಡುತ್ತದೆ. ಹಾಗಾಗಿ ಪೈಪ್ ಗ್ಯಾಸಿನ ಜೆಟ್ಟಿನ, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಬಾಯಿಯ, ತೂತು ದೊಡ್ಡದು. ಅದೇ ಜೆಟ್ಟಿನಲ್ಲಿ ಸಿಲಿಂಡರ್ ಗ್ಯಾಸ್ ಬಿಟ್ಟರೆ ಉರಿ ಮಾರುದ್ದ ಹಳದಿಯಾಗಿ ಏಳುತ್ತದೆ, ಸ್ವಲ್ಪ ದಿನಕ್ಕೇ ಒಳಗೆಲ್ಲ ಮಸಿ. ಜೆಟ್ ಬದಲಿಸದೆ ಇಂಥ ಕೆಲಸ ಒಪ್ಪಿಕೊಳ್ಳಬೇಡಿ ಎಂದು ನನ್ನ ಕಸುಬಿನ ಗೆಳೆಯರಿಗೂ ಕೈಮುಗಿದು ಹೇಳುತ್ತೇನೆ.

ಅವರಿಗೆ ಹೇಳುವುದು ಇನ್ನೂ ಒಂದಿದೆ. ಹೋದ ಚಳಿಗಾಲ ಒಂದು ಬಾಡಿಗೆ ಮನೆಯಲ್ಲಿ ಗೀಸರ್ ಬಿಚ್ಚಿದೆ. ನೀರು ವಿಪರೀತ ಕಾದಾಗ ಗ್ಯಾಸ್ ನಿಲ್ಲಿಸುವ ಸ್ವಿಚ್ ಇರುತ್ತದಲ್ಲ, ಅದರ ಎರಡೂ ವೈರ್ ಕತ್ತರಿಸಿ ಒಂದಕ್ಕೊಂದು ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಗೀಸರ್ ಪದೇಪದೇ ಆಫ್ ಆಗುತ್ತಿದೆ ಎಂಬ ದೂರಿಗೆ ಯಾರೋ ಮಾಡಿಕೊಟ್ಟ ಪರಿಹಾರ! ಆ ಮನೆಯಲ್ಲಿ ಎರಡು ಪುಟ್ಟ ಮಕ್ಕಳಿದ್ದರು. ಹೊಸ ಸ್ವಿಚ್ಚಿಗೆ ಓನರ್ ದುಡ್ಡು ಕೊಡಲು ಒಪ್ಪದೆ, ಕೊನೆಗೆ ಬಾಡಿಗೆಯವರೇ ಹಾಕಿಸಿಕೊಂಡರು. ಕೆಲವು ನೂರು ರೂಪಾಯಿಗೆ ಇಷ್ಟು ಚೌಕಾಶಿ ಯಾಕೆ?

ನೀರು ತುಂಬುವ ಹಬ್ಬಕ್ಕೆ ಬಚ್ಚಲು ತಿಕ್ಕಿ, ಹಂಡೆ ಬೆಳಗುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆ ವಾರವೇ ಗೀಸರ್ ಸರ್ವೀಸ್ ಮಾಡಿಸಿಬಿಡಿ. ಬರ್ನರ್, ರೆಕ್ಕೆ, ಡಯಾಫ್ರಮ್, ಸೆಲ್ ಜೊತೆಗೆ ಗ್ಯಾಸ್ ಟ್ಯೂಬಿನ ಮೇಲೆ ಅಚ್ಚಾದ ವರ್ಷವನ್ನೂ ನೋಡಿಸಿ. 5 ವರ್ಷ ದಾಟಿದ್ದರೆ ಬದಲಿಸಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಸ್ವಿಚ್ ಯಾವುದನ್ನೂ ಮುಟ್ಟದೆ ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬಚ್ಚಲಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಬಾಗಿಲು ತೆರೆದು ಗೀಸರ್ ನಿಲ್ಲಿಸಿ, ಅವರನ್ನು ಬಯಲು ಗಾಳಿಗೆ ತಂದು 108ಕ್ಕೆ ಕರೆ ಮಾಡಿ.

ಬಾಡಿಗೆಯವರು ಬದಲಾದಾಗ ಮನೆಗೆ ಬಣ್ಣ ಹೊಡೆಸುವ ಓನರ್‌ಗಳು ಗೀಸರ್ ಸರ್ವೀಸನ್ನೂ ಅದರ ಜೊತೆಗೇ ಮಾಡಿಸಬೇಕು. ಗ್ಯಾಸ್ ಏಜೆನ್ಸಿಯವರು ತಪಾಸಣೆಗೆ ಬಂದಾಗ ಒಲೆ ಮತ್ತು ಟ್ಯೂಬ್ ನೋಡಿ ಹೊರಟುಬಿಡದೆ, ಗೀಸರ್ ಎಲ್ಲಿದೆ, ಉರಿ ಯಾವ ಬಣ್ಣದಲ್ಲಿದೆ ಎಂದು ನೋಡಿ ಬರೆದುಕೊಳ್ಳುವಂತೆ ಸಂಬಂಧಪಟ್ಟವರು ಆದೇಶ ಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಒಬ್ಬ ಗೀಸರ್ ಮೆಕ್ಯಾನಿಕ್, ಕಾಮಾಕ್ಷಿಪಾಳ್ಯ, ಬೆಂಗಳೂರು